ನಾರಾದ ಅಸುರನ ಮುಂದೆ ಹತ್ತು ನಿಮಿಷ ನಿಲ್ಲಿ

ಜಪಾನಿನ ನಾರಾಕ್ಕೆ ಹೋಗುವ ನಮ್ಮವರು ಜಿಂಕೆಗಳಿಗೆ ಬಿಸ್ಕತ್ತು ತಿನ್ನಿಸಿ, ತೋದೈಜಿಯ ದೊಡ್ಡ ಬುದ್ಧನನ್ನು ನೋಡಿ ಸಂಜೆಗೆ ಕ್ಯೋಟೋ ರೈಲು ಹತ್ತುತ್ತಾರೆ. ಕಿಂತೆತ್ಸು ನಾರಾ ಸ್ಟೇಷನ್ನಿನಿಂದ ಐದಾರು ನಿಮಿಷ ನಡೆದರೆ ಸಿಗುವ ಕೊಫುಕುಜಿ ದೇವಾಲಯದ ಮ್ಯೂಸಿಯಂ ಹಾಗೇ ಉಳಿದುಹೋಗುತ್ತದೆ. ನಮಗಂತೂ ಇದು ದೊಡ್ಡ ನಷ್ಟ. ಒಳಗೆ ನಿಂತ ಮೂರ್ತಿಗಳ ಹೆಸರುಗಳು ನಾವು ಚಿಕ್ಕಂದಿನಿಂದ ಕೇಳಿದವೇ: ಅಶುರ ಎಂದರೆ ಅಸುರ, ಕರುರ ಎಂದರೆ ಗರುಡ, ಕೆಂದತ್ಸುಬ ಎಂದರೆ ಗಂಧರ್ವ, ಕಿನ್ನರ ಮಾತ್ರ ಕಿನ್ನರನೇ. ಬುದ್ಧನ ಕಾವಲಿನ ಎಂಟು ಜನರ ಗುಂಪು. ಗರುಡನಿಗೆ ಕೊಕ್ಕಿದೆ, ಕಿನ್ನರನ ಹಣೆಯಲ್ಲಿ ಮೂರನೇ ಕಣ್ಣು, ಮೇಲೊಂದು ಕೊಂಬು.

ಅಸುರನಿಗೆ ಮೂರು ಮುಖ, ಆರು ಕೈ. ಎದುರು ನಿಂತು ನೋಡಿ ಹೊರಟರೆ ಅರ್ಧ ಮಾತ್ರ ಕಂಡಂತೆ. ಎಡಕ್ಕೂ ಬಲಕ್ಕೂ ನಾಲ್ಕು ಹೆಜ್ಜೆ ಸರಿಯಿರಿ. ಪಕ್ಕದ ಒಂದು ಮುಖ ಕೆಳತುಟಿ ಕಚ್ಚಿಕೊಂಡಿದೆ. ಎದುರಿನ ಮುಖದಲ್ಲಿ ಹುಬ್ಬು ಗಂಟಿಕ್ಕಿದೆ, ಆದರೆ ಸಿಟ್ಟಿಲ್ಲ. ಅಳು ತಡೆದುಕೊಂಡ ಹುಡುಗನ ಮುಖ ಅದು.

734ರ ಈ ಮೂರ್ತಿ ಕಲ್ಲಿನದಲ್ಲ, ಮರದ್ದೂ ಅಲ್ಲ. ಜೇಡಿಮಣ್ಣಿನಲ್ಲಿ ಆಕಾರ ಮಾಡಿ, ಉರುಶಿ ಮರದ ಸೊನೆಯಲ್ಲಿ ಅದ್ದಿದ ಸೆಣಬಿನ ಬಟ್ಟೆಯನ್ನು ಅದರ ಮೇಲೆ ಪದರ ಪದರವಾಗಿ ಅಂಟಿಸುತ್ತಾರೆ. ಗಟ್ಟಿಯಾದ ಮೇಲೆ ಸೀಳಿ ಮಣ್ಣು ತೆಗೆದು, ಒಳಗೆ ಮರದ ಚೌಕಟ್ಟು ಕೂರಿಸಿ, ಸೀಳಿದ್ದನ್ನು ಹೊಲಿಯುತ್ತಾರೆ. ಕಣ್ಣು, ಮೂಗು, ತುಟಿ ಮೂಡುವುದು ಆಮೇಲೆ, ಸೊನೆಗೆ ಮರದ ಪುಡಿ ಕಲಸಿದ ಮುದ್ದೆಯಿಂದ. ಇದನ್ನು ಚನ್ನಪಟ್ಟಣದ ಅರಗು ಅಂದುಕೊಳ್ಳಬೇಡಿ, ಅರಗು ಹುಳುವಿನದು. ಉರುಶಿ ನಮ್ಮ ಗೇರು, ಮಾವಿನ ಕುಟುಂಬದ ಮರ, ಹಸಿ ಸೊನೆ ತಾಗಿದರೆ ಚರ್ಮದ ಮೇಲೆ ಬೊಕ್ಕೆ ಏಳುತ್ತದೆ. ಬರೀ ಬಿಸಿಲಿಗಿಟ್ಟರೆ ಅದು ಗಟ್ಟಿಯಾಗುವುದಿಲ್ಲ, ತೇವದ ಗಾಳಿ ಬೇಕು. ಅವಸರ ಮಾಡಿ ದಪ್ಪಗೆ ಹಚ್ಚಿದರೆ ಮೇಲೆ ಪೊರೆ ಕಟ್ಟಿ ಒಳಗೆ ಹಸಿಯಾಗೇ ಉಳಿಯುತ್ತದೆ.

ಇಷ್ಟೆಲ್ಲ ಮಾಡಿ ಸಿಗುವುದು ಟೊಳ್ಳು ಮೂರ್ತಿ: ಎತ್ತರ 153 ಸೆಂ.ಮೀ., ತೂಕ ಸುಮಾರು 15 ಕೆ.ಜಿ. ಒಬ್ಬರೇ ಎತ್ತಿಕೊಂಡು ಓಡಬಹುದು. 1180ರಲ್ಲಿ ದೇವಾಲಯ ಉರಿದುಹೋದರೂ ಈ ಗುಂಪಿನ ಮೂರ್ತಿಗಳು ಉಳಿದದ್ದಕ್ಕೆ ಇದೇ ಕಾರಣ ಎನ್ನುತ್ತಾರೆ.

ಕಂಚಿಗೆ ಆ ಅದೃಷ್ಟವಿರಲಿಲ್ಲ. ಅದೇ ಮ್ಯೂಸಿಯಂನಲ್ಲಿರುವ ಕಂಚಿನ ಬುದ್ಧನ ದೊಡ್ಡ ತಲೆ 685ರದು. 1411ರ ಬೆಂಕಿಯಲ್ಲಿ ಮೈ ಹೋಗಿ ತಲೆಯಷ್ಟೇ ಉಳಿಯಿತು. ಅದು ಮತ್ತೆ ಸಿಕ್ಕಿದ್ದು 1937ರಲ್ಲಿ, ಇದೇ ದೇವಾಲಯದ ಪೂರ್ವ ದಿಕ್ಕಿನ ಸ್ವರ್ಣಮಂಟಪದ ಪೀಠದೊಳಗೆ.

ಬೆಳಿಗ್ಗೆ 9ಕ್ಕೆ ಬಾಗಿಲು ತೆರೆಯುವಾಗಲೇ ಹೋಗಿ, ಸ್ಕೂಲ್ ಮಕ್ಕಳ ಗುಂಪು ಬರುವ ಮೊದಲು. ಒಳಗೆ ಫೋಟೋ ತೆಗೆಯುವಂತಿಲ್ಲ, ಮೊಬೈಲ್ ಜೇಬಿನಲ್ಲೇ ಇರಲಿ. ಬೆಳಕು ಕಡಿಮೆ, ಒಂದೆರಡು ನಿಮಿಷ ಕಣ್ಣು ಹೊಂದಿಕೊಂಡ ಮೇಲೆ ಅಸುರನ ಮೈಮೇಲೆ ಹಳೆಯ ಕೆಂಪು ಬಣ್ಣ ನಿಧಾನಕ್ಕೆ ಕಾಣತೊಡಗುತ್ತದೆ.