ಕಾಗೆ ಹಾರುವುದು ದೂರಕ್ಕೆ, ವೇಗಕ್ಕಲ್ಲ
ಕರ್ನಾಟಕದ ಹೊರಗೆ ನೆಲೆಸಿ, ದಿನವಿಡೀ ಇಂಗ್ಲಿಷಿನಲ್ಲೇ ಬರೆಯಬೇಕಾದ ನಮ್ಮವರ ಬರಹದಲ್ಲಿ ವ್ಯಾಕರಣ ಸಾಮಾನ್ಯವಾಗಿ ಅಚ್ಚುಕಟ್ಟಾಗಿರುತ್ತದೆ. ಎಡವುವುದು ನುಡಿಗಟ್ಟುಗಳಲ್ಲಿ, ಅದರಲ್ಲೂ ದಾರಿ ಮತ್ತು ಪ್ರಯಾಣಕ್ಕೆ ಸಂಬಂಧಿಸಿದವುಗಳಲ್ಲಿ. 'ಆಸ್ ದಿ ಕ್ರೋ ಫ್ಲೈಸ್' (ಕಾಗೆ ಹಾರುವಂತೆ) ಎಂಬುದು ಎರಡು ಸ್ಥಳಗಳ ನಡುವಿನ ನೇರ ಅಂತರವನ್ನಷ್ಟೇ ಹೇಳುತ್ತದೆ. ರಸ್ತೆಯಲ್ಲಿ 60 ಕಿ.ಮೀ. ಸುತ್ತಬೇಕಾದ ಊರು ಕಾಗೆಯ ಲೆಕ್ಕದಲ್ಲಿ 40 ಕಿ.ಮೀ. ಎಂದರೆ ಸರಿ, ಎಲ್ಲಿಯೂ ನಿಲ್ಲದೆ ಬೇಗ ತಲುಪಿದೆವು ಎನ್ನಲು ಅದನ್ನು ಬಳಸಿದರೆ ತಪ್ಪು. (ಕಾಗೆ ನಿಜಕ್ಕೂ ಅಷ್ಟು ನೆಟ್ಟಗೆ ಹಾರುವುದಿಲ್ಲ ಎಂಬುದು ಬೇರೆ ಮಾತು.)

'ಬೀಲೈನ್' ಪದದ ಪಾಡು ಇನ್ನೂ ವಿಚಿತ್ರ. ಜೇನುನೊಣ ಗೂಡಿಗೆ ನೇರವಾಗಿ ಮರಳುತ್ತದೆ ಎಂಬ ನಂಬಿಕೆಯಿಂದ ಹುಟ್ಟಿ, 19ನೆಯ ಶತಮಾನದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಈ ಪದಕ್ಕೆ ಅತ್ತಿತ್ತ ನೋಡದೆ ಒಂದು ಕಡೆಗೆ ಸೀದಾ ನಡೆಯುವುದು ಎಂಬ ಅರ್ಥವಿದ್ದರೂ, ಭಾರತದ ಪತ್ರಿಕೆಗಳಲ್ಲಿ ಅದು ಎಷ್ಟೋ ಸಲ ಸರತಿ ಸಾಲಾಗಿಬಿಟ್ಟಿದೆ. ಸಾಲಿನಲ್ಲಿ ಕಾಯುವವನು ಮುಂದೆ ಸಾಗುತ್ತಲೇ ಇರುವುದಿಲ್ಲವಾದ್ದರಿಂದ ಈ ಬಳಕೆಯನ್ನು ನಾನು ಒಪ್ಪಲಾರೆ.

ಎಲ್ಲಕ್ಕಿಂತ ತೊಡಕಿನದು 'ಸ್ಟ್ರೇಟ್ ಅಂಡ್ ನ್ಯಾರೋ', ಅಂದರೆ ಸನ್ಮಾರ್ಗ. 1611ರ ಇಂಗ್ಲಿಷ್ ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿ, ಜೀವಕ್ಕೆ ಒಯ್ಯುವ ಬಾಗಿಲನ್ನು ಕುರಿತು ಬರುವ 'ಸ್ಟ್ರೇಟ್' (strait) ಪದದಲ್ಲಿ, ನೇರ ಎಂಬರ್ಥದ 'ಸ್ಟ್ರೇಟ್'ನಲ್ಲಿ (straight) ಇರುವ ಜಿ, ಎಚ್ ಅಕ್ಷರಗಳಿಲ್ಲ. ಅದರ ಅರ್ಥ ಇಕ್ಕಟ್ಟು, ನೇರವಲ್ಲ. ಉಚ್ಚಾರಣೆ ಒಂದೇ ಆದುದರಿಂದ ನುಡಿಗಟ್ಟಿನೊಳಗೆ ನೇರವೆಂಬ ಪದ ಬಂದು ಕೂತಿತು, ಇಂದು ಅದೇ ರೂಢಿ. ಹಳೆಯ ಕಾಗುಣಿತವನ್ನು ಹಿಡಿದು ಈಗ ಯಾರನ್ನೂ ತಿದ್ದಬೇಕಾಗಿಲ್ಲ. ಆದರೆ ಕಡು ಸಂಕಷ್ಟ ಎಂಬರ್ಥದ 'ಡೈರ್ ಸ್ಟ್ರೇಟ್ಸ್' ಬರೆಯುವಾಗ ಮಾತ್ರ ಜಿ, ಎಚ್ ಸೇರಿಸಬಾರದು. ಇಕ್ಕಟ್ಟಿಗೆ ಸಿಲುಕುವುದೇ ಬೇರೆ, ನೆಟ್ಟಗೆ ನಡೆಯುವುದೇ ಬೇರೆ ಎಂದು ಕನ್ನಡದಲ್ಲಿ ಕಿವಿಗೇ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಆ ಭೇದವನ್ನು ಕಣ್ಣು ಕಾಯಬೇಕು.

ನಮಗೆ 'ಪ್ರಯಾಣ' ಎಂಬ ಒಂದೇ ಪದ ಸಾಕಾಗುವಲ್ಲಿ ಇಂಗ್ಲಿಷು ಪದಗಳನ್ನು ಹಂಚಿಕೊಂಡಿದೆ: ಹೋಗಿ ಬರುವುದು ಸಾಮಾನ್ಯವಾಗಿ 'ಟ್ರಿಪ್', ಸಾಗುವ ಹಾದಿಯತ್ತ ಗಮನವಿದ್ದರೆ 'ಜರ್ನಿ', ಇನ್ನು 'ಟ್ರಾವೆಲ್' ಎಣಿಕೆಗೆ ಸಿಗದ ನಾಮಪದವಾದ್ದರಿಂದ ಅದರ ಮೊದಲು 'ಎ' ಸೇರದು. 'ಹ್ಯಾಪಿ ಜರ್ನಿ' ಎಂಬ ನಮ್ಮ ಹಾರೈಕೆ ಬ್ರಿಟಿಷರ ಬಾಯಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲವಾದರೂ, ಅದರ ಅರ್ಥ ಯಾರಿಗೂ ತಪ್ಪಿಹೋಗುವುದಿಲ್ಲವಾದ್ದರಿಂದ ಅದನ್ನು ಬಿಡಬೇಕೆಂದು ನನಗೆ ಅನಿಸಿಲ್ಲ.