ಹನ್ನೆರಡು ಹಾಡು, ಒಂದು ಟಕ್

ನಮ್ಮ ಮನೆಯಲ್ಲಿ ಆಸ್ತಿ ಭಾಗ ಆದಾಗ ಯಾರೂ ಕಿರುಚಾಡಲಿಲ್ಲ. ಪಾತ್ರೆ ಸಮೇತ ಹಂಚಿಕೊಂಡು, ಕೂತು ಊಟ ಮಾಡಿ ಎದ್ದರು. ನಿಜವಾದ ಜಗಳ ಆಗಿದ್ದು ಅದಕ್ಕೂ ಹಿಂದೆ, 1988ರಲ್ಲಿ, ಒಂದು ಸಿ-60 ಕ್ಯಾಸೆಟ್ಟಿನ ವಿಷಯಕ್ಕೆ.

ಆಗ ನಾವು ತಿಪಟೂರಿನಲ್ಲಿದ್ದೆವು. ಕೊಬ್ಬರಿ ಮಾರಿದ ದುಡ್ಡಲ್ಲಿ ಅಪ್ಪ ಒಂದು ಟೇಪ್ ರೆಕಾರ್ಡರ್ ತಂದರು. ಅದಕ್ಕೆ ಅಮ್ಮ ಹಾಲುಬಣ್ಣದ ದಾರದಲ್ಲಿ ಕ್ರೋಶಾ ಹಾಕಿ ಒಂದು ಅಂಗಿ ಹೊಲಿದಳು. ಎಲ್ಲಾ ಸರಿ, ಹಾಕೋಕೆ ಕ್ಯಾಸೆಟ್ಟೇ ಇಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ರೆಕಾರ್ಡಿಂಗ್ ಅಂಗಡಿ ಇತ್ತು. ಖಾಲಿ ಕ್ಯಾಸೆಟ್ಟು, ಹಾಡಿನ ಪಟ್ಟಿ ಕೊಟ್ಟು ಬಂದರೆ ಒಂದು ವಾರದಲ್ಲಿ ತುಂಬಿಸಿಕೊಡುತ್ತಿದ್ದರು. ಅಂಗಡಿಯವನು ಲೆಕ್ಕ ಹೇಳಿದ: "ಒಂದು ಸೈಡಿಗೆ 30 ನಿಮಿಷ ಸಾರ್. ಹನ್ನೆರಡು ಹಾಡು ಬರ್ಕೊಂಡು ಬನ್ನಿ. ಹದಿಮೂರನೇದು ಹಿಡಿದರೆ ನಿಮ್ಮ ಅದೃಷ್ಟ."

ಹನ್ನೆರಡು! ಅಂದರೆ ಕನ್ನಡದಲ್ಲಿ ಇದುವರೆಗೆ ಬಂದ ಅಷ್ಟೂ ಹಾಡುಗಳಲ್ಲಿ ಅತಿ ಶ್ರೇಷ್ಠವಾದ ಹನ್ನೆರಡನ್ನು ನಮ್ಮ ಮನೆಯ ಆರು ಜನ ಆರಿಸಬೇಕು. ಅದೂ ಭಾನುವಾರ ಮಧ್ಯಾಹ್ನದ ಒಳಗೆ.

ಅಪ್ಪನ ಕಷ್ಟ ದೊಡ್ಡದು. ಅವರಿಗೆ ರಾಜ್‌ಕುಮಾರ್ ದೇವರು, ಪಿ.ಬಿ. ಶ್ರೀನಿವಾಸ್ ಆ ದೇವರ ಕಂಠ. 1974ರಲ್ಲಿ 'ಸಂಪತ್ತಿಗೆ ಸವಾಲ್' ಬಂತು. ಅದರಲ್ಲಿ ಎಮ್ಮೆ ಮೇಲೆ ಕೂತು 'ಯಾರೇ ಕೂಗಾಡಲಿ' ಅಂತ ರಾಜ್ ತಮ್ಮ ದನಿಯಲ್ಲೇ ಹಾಡಿದರು. ಆಮೇಲೆ ಹೆಚ್ಚಾಗಿ ತಮ್ಮ ಹಾಡು ತಾವೇ ಹಾಡಿಕೊಂಡರು. ಚಿಕ್ಕಪ್ಪನಿಗೆ ಅದು ಕನ್ನಡದ ಮೊದಲನೇ ನಂಬರ್ ಹಾಡು. ಅಪ್ಪನಿಗೂ ಇಷ್ಟವೇ, ಆದರೆ ಅದನ್ನು ಒಪ್ಪಿಕೊಂಡರೆ ಶ್ರೀನಿವಾಸರಿಗೆ ದ್ರೋಹ ಮಾಡಿದ ಹಾಗೆ. "ಒಂದು ಎಮ್ಮೆ ಬಂದು ಎಲ್ಲಾ ಕೆಡಿಸ್ತು ಕಣೋ" ಅನ್ನುತ್ತಿದ್ದರು. ಕೊನೆಗೆ ಎಮ್ಮೆಗೆ ಒಂದು ಜಾಗ ಕೊಟ್ಟು, ಶ್ರೀನಿವಾಸರಿಗೆ ಮೂರು ಜಾಗ ಇಟ್ಟುಕೊಂಡರು. ಆ ಮೂರರಲ್ಲಿ ಒಂದು 'ಕಸ್ತೂರಿ ನಿವಾಸ'ದ 'ಆಡಿಸಿ ನೋಡು ಬೀಳಿಸಿ ನೋಡು'. ಇದನ್ನು ನೆನಪಿಟ್ಟುಕೊಂಡಿರಿ.

ಅಮ್ಮ 'ಬೆಳ್ಳಿ ಮೋಡ'ದ 'ಮೂಡಲ ಮನೆಯ' ಬೇಕೇ ಬೇಕು ಅಂದಳು. ಆಗ ಅಜ್ಜಿ ಎದ್ದು ಕೂತಳು. ಅವಳಿಗೆ ಭೀಮಸೇನ ಜೋಶಿಯವರ 'ಭಾಗ್ಯದ ಲಕ್ಷ್ಮೀ ಬಾರಮ್ಮ' ಬೇಕು.

"ಅಮ್ಮಾ, ಇದು ಸಿನಿಮಾ ಹಾಡಿನ ಕ್ಯಾಸೆಟ್ಟು. ದಾಸರ ಪದ ಹಾಕೋ ಹಾಗಿಲ್ಲ" ಅಂದರು ಅಪ್ಪ.

"ನಿನ್ನ ಹೆಂಡ್ತಿ ಹೇಳಿದ್ದು ಬೇಂದ್ರೆ ಪದ್ಯ. ಸಿನಿಮಾದೋರು ಆಮೇಲೆ ತಗೊಂಡಿದ್ದು. ಬೇಂದ್ರೆ ಆಗ್ತಾರೆ, ಪುರಂದರದಾಸರು ಆಗಲ್ವಾ?"

ಮೂರನೇ ಕ್ಲಾಸು ಓದಿದ ಅಜ್ಜಿ. ಅಪ್ಪ ಬಿ.ಎ. ಅಪ್ಪ ಸುಮ್ನೆ ಪೆನ್ನಿನ ಮುಚ್ಚಳ ಹಾಕಿದರು.

ಅಣ್ಣ ಆಗ ಪಿಯುಸಿ. ಹಿಂದಿನ ವರ್ಷವಷ್ಟೇ 'ಪ್ರೇಮಲೋಕ' ಬಂದಿತ್ತು. ಅವನ ತಲೆಯಲ್ಲಿ ಹಂಸಲೇಖ ಬಿಟ್ಟರೆ ಬೇರೇನೂ ಇರಲಿಲ್ಲ, ಕೆಮಿಸ್ಟ್ರಿ ಅಂತೂ ಇರಲೇ ಇಲ್ಲ. 'ನಿಂಬೆಹಣ್ಣಿನಂಥ ಹುಡುಗಿ' ಹಾಕದಿದ್ದರೆ ಊಟ ಬಿಡುತ್ತೇನೆ ಅಂದ. ಅಮ್ಮ ತಕ್ಷಣ ಕರಗಿದಳು. ಅವತ್ತು ಮನೆಯಲ್ಲಿ ಹುಳಿಯನ್ನ. ಅವನು ಹೇಗೂ ಬಿಡುತ್ತಿರಲಿಲ್ಲ ಅನ್ನೋದು ನನಗೆ ಗೊತ್ತಿತ್ತು, ಯಾರೂ ಕೇಳಲಿಲ್ಲ.

ಪಟ್ಟಿ ಬರೆಯುವ ಕೆಲಸ ನನಗೆ ಬಂತು. ನಾನು ನಾಲ್ಕನೇ ಕ್ಲಾಸು, ಅಕ್ಷರ ದುಂಡಗೆ. ಬರೆದಿದ್ದಕ್ಕೆ ಸಂಬಳವಾಗಿ ನನಗೂ ಒಂದು ಹಾಡು. ಟೀವಿಯ ಚಿತ್ರಮಂಜರಿಯಲ್ಲಿ ಕೇಳಿ ಮನಸ್ಸಲ್ಲೇ ಇಟ್ಟುಕೊಂಡಿದ್ದ ಹಾಡನ್ನು, ಯಾರಿಗೂ ಹೇಳದೆ, ಕಿವಿಗೆ ಬಿದ್ದ ಹಾಗೇ ಬರೆದೆ.

ಅಂಗಡಿಯಲ್ಲಿ ಆರೇಳು ಜನ ಇದ್ದರು. ಅಂಗಡಿಯವನು ಪಟ್ಟಿಯನ್ನು ಜೋರಾಗಿ ಓದುತ್ತಾ ಬಂದ. ಎಂಟನೇದಕ್ಕೆ ನಿಂತ. ಕನ್ನಡಕ ತೆಗೆದು ಒರೆಸಿದ. ಮತ್ತೆ ಓದಿದ.

"ನಗುವ ನಾಯೀನ, ಮಧುರೆ ಮಾವನ..."

ಅದು 'ಪಲ್ಲವಿ ಅನುಪಲ್ಲವಿ'ಯ 'ನಗುವಾ ನಯನ ಮಧುರಾ ಮೌನ'. 1983ರ ಚಿತ್ರ, ಮಣಿರತ್ನಂ ಅವರ ಮೊದಲನೇದು. ಸಂಗೀತ ಇಳಯರಾಜ, ಹಾಡಿದವರು ಎಸ್ಪಿಬಿ ಮತ್ತು ಎಸ್. ಜಾನಕಿ. ಇಷ್ಟೆಲ್ಲ ಈಗ ಗೊತ್ತು. ಆಗ ನನ್ನ ಪ್ರಕಾರ ಅದು ಮಧುರೆಯ ಒಬ್ಬ ಮಾವ, ಅವನು ಸಾಕಿದ ಒಂದು ನಾಯಿ, ಅದು ನಗುತ್ತೆ ಅನ್ನೋ ಕಥೆ. ಚೆನ್ನಾಗಿಯೇ ಇತ್ತು. ಅಪ್ಪ ನನ್ನ ಕಡೆ ನೋಡಲಿಲ್ಲ, ಬಸ್ ಸ್ಟ್ಯಾಂಡಿನ ಗಡಿಯಾರ ನೋಡಿದರು. ಆ ಅಂಗಡಿಯವನು ಮುಂದೆ ಎಲ್ಲಿ ಸಿಕ್ಕರೂ "ನಾಯಿ ಹೇಗಿದೆ ಪುಟ್ಟಾ?" ಅಂತ ಕೇಳುತ್ತಿದ್ದ. ಎಷ್ಟೋ ವರ್ಷದ ಮೇಲೆ ಐಡಿಯಾ ಮೊಬೈಲಿನವರು ಅದೇ ರಾಗವನ್ನು ಜಾಹೀರಾತಿಗೆ ಹಾಕಿಕೊಂಡರು. ಊರಿಗೆಲ್ಲ ಫೋನ್ ರಿಂಗ್ ಆದರೆ ನನಗೆ ಬೊಗಳಿದ ಹಾಗೆ ಕೇಳಿಸೋದು.

ವಾರ ಬಿಟ್ಟು ಕ್ಯಾಸೆಟ್ ಬಂತು. ಮನೆಯವರೆಲ್ಲ ಕೈಕಾಲು ತೊಳೆದು ಕೂತೆವು. ಎ ಸೈಡು ಚೆನ್ನಾಗಿ ಓಡಿತು. ಕೊನೆಯದು 'ಆಡಿಸಿ ನೋಡು'. ಅಪ್ಪ ಕಣ್ಣು ಮುಚ್ಚಿದರು. ಎರಡನೇ ಚರಣದ ಮಧ್ಯ, ಶ್ರೀನಿವಾಸರು ಒಂದು ಪದವನ್ನು ಅರ್ಧ ಎಳೆದಿದ್ದಾರೆ, ಅಷ್ಟರಲ್ಲಿ ಟಕ್! ಟೇಪು ಮುಗಿದು ಗುಂಡಿ ಮೇಲೆದ್ದಿತು.

ಅಪ್ಪ ಕಣ್ಣು ತೆಗೆಯಲಿಲ್ಲ. ಅಣ್ಣ ತಡ ಮಾಡದೆ ಕ್ಯಾಸೆಟ್ ತಿರುಗಿಸಿ ಹಾಕಿದ. ಬಿ ಸೈಡಿನ ಮೊದಲನೇದು ನಿಂಬೆಹಣ್ಣು. ಬೀಳಿಸಿದರೂ ಉರುಳದ ಬೊಂಬೆಯ ಹಾಡು ಅರ್ಧಕ್ಕೆ ಬಿದ್ದು, ಅದರ ಮೇಲೆ ರವಿಚಂದ್ರನ್ ಕುಣಿದ ಹಾಗಾಯಿತು. ಅಪ್ಪ ಅಣ್ಣನ ಜೊತೆ ಎರಡು ದಿನ ಮಾತಾಡಲಿಲ್ಲ. ಸೈಡು ಮುಗಿದಿದ್ದಕ್ಕೆ ಅವನೇನು ಮಾಡಿಯಾನು, ಪಾಪ.

ಇನ್ನೊಂದು ಕ್ಯಾಸೆಟ್ ತುಂಬಿಸಬಹುದಿತ್ತು, ತುಂಬಿಸಲಿಲ್ಲ. ಇದನ್ನೇ ಸವೆಸಿದೆವು. ಒಂದು ಸಲ ಟೇಪು ಒಳಗೆ ಸಿಕ್ಕಿಹಾಕಿಕೊಂಡು ಶ್ಯಾವಿಗೆ ಹಾಗೆ ಹೊರಗೆ ಬಂತು. ಪೆನ್ಸಿಲ್ ತೂರಿಸಿ ಸುತ್ತಿದೆವು. ಅಷ್ಟರಲ್ಲಿ ಅಜ್ಜಿಯ ಹಾಡಿನ ಜಾಗ ಎಳೆದುಹೋಗಿ, ದನಿ ನಿಧಾನ ಆಗಿಬಿಟ್ಟಿತ್ತು. ಲಕ್ಷ್ಮಿ ಹೆಜ್ಜೆ ಮೇಲೆ ಹೆಜ್ಜೆ ಇಡೋಕೆ ಮಂಡಿನೋವು ಇದ್ದವಳ ಹಾಗೆ ಒದ್ದಾಡುತ್ತಿದ್ದಳು. "ವಯಸ್ಸಾಯ್ತಲ್ಲ, ನಿಧಾನಕ್ಕೆ ಬರಲಿ, ಬಂದರೆ ಸಾಕು" ಅಂದಳು ಅಜ್ಜಿ.

ಅಪ್ಪ ಮಾತ್ರ ಆ ಕತ್ತರಿಸಿದ ಹಾಡನ್ನು ಬಿಡಲಿಲ್ಲ. ಬಚ್ಚಲಲ್ಲಿ ದಿನಾ ಹಾಡುತ್ತಿದ್ದರು. ಎರಡನೇ ಚರಣದ ಆ ಜಾಗಕ್ಕೆ ಬಂದ ಕೂಡಲೇ ತಾವೇ "ಟಕ್" ಅಂದು, ಚೊಂಬಿನಿಂದ ನೀರು ಸುರಿದುಕೊಳ್ಳೋರು. ಕೇಳಿ ಕೇಳಿ ನಮಗೂ ಅದೇ ಹಾಡಿನ ಕೊನೆ ಆಯಿತು.

ಹೋದ ತಿಂಗಳು ಅಪ್ಪನಿಗೆ 80 ತುಂಬಿತು. ಛತ್ರದಲ್ಲಿ ಊಟ, ಸಣ್ಣ ಆರ್ಕೆಸ್ಟ್ರಾ. ಅಣ್ಣನ ಮಗಳು ಫೋನಿನಲ್ಲಿ 214 ಹಾಡಿನ ಪಟ್ಟಿ ಮಾಡಿಕೊಂಡು ಬಂದಿದ್ದಳು. 'ಅನಿಸುತಿದೆ ಯಾಕೋ ಇಂದು' ಅದರಲ್ಲಿ ಮೂರು ಸಲ ಇತ್ತು. ಯಾರೂ ಜಗಳ ಆಡಲಿಲ್ಲ. ಯಾರೂ ಓದಲೂ ಇಲ್ಲ.

ಊಟ ಮುಗಿಯುವ ಹೊತ್ತಿಗೆ ಆರ್ಕೆಸ್ಟ್ರಾದ ಹುಡುಗ 'ಆಡಿಸಿ ನೋಡು' ಎತ್ತಿಕೊಂಡ. ಒಳ್ಳೆ ಕಂಠ. ಅಪ್ಪ ಪೇಟ ಸರಿಮಾಡಿಕೊಂಡು ಕಣ್ಣು ಮುಚ್ಚಿದರು. ಪಲ್ಲವಿ ಆಯಿತು, ಮೊದಲನೇ ಚರಣ ಆಯಿತು. ಎರಡನೇ ಚರಣದ ಮಧ್ಯ ಅಪ್ಪ, ಅಮ್ಮ, ಚಿಕ್ಕಪ್ಪ, ಅಣ್ಣ, ನಾನು, ಐದೂ ಜನ ಒಟ್ಟಿಗೆ "ಟಕ್!" ಅಂದು ಜೋರಾಗಿ ಚಪ್ಪಾಳೆ ಹೊಡೆದೆವು.

ಹುಡುಗ ಬೆಚ್ಚಿ ನಿಂತುಬಿಟ್ಟ. ತಬಲಾ ನಿಂತಿತು. ಕೀಬೋರ್ಡಿನವನು ಕರೆಂಟ್ ಹೋಯ್ತೇನೋ ಅಂತ ವೈರು ಎಳೆದು ನೋಡಿದ. ಇಡೀ ಛತ್ರ ನಮ್ಮ ಕಡೆ ತಿರುಗಿತು.

ಅಪ್ಪ ನಿಧಾನಕ್ಕೆ ಅಣ್ಣನ ಕಡೆ ತಿರುಗಿ, "ನೋಡ್ತಾ ಕೂತ್ಯಲ್ಲೋ, ತಿರುಗಿಸಿ ಹಾಕು" ಅಂದರು.