ಎಣ್ಣೀ ಬಾಟ್ಲಿ ಕೆಳಗ ವಚನ

ಇವತ್ತ ಸೋಮವಾರ ಅಂತ ಮುಂಜಾನೆ ಮಠಕ್ಕ ಹೋಗಿದ್ದೆ. (ಯಾವ ಮಠ ಅಂತ ಕಮೆಂಟಿನ್ಯಾಗ ಕೇಳಬ್ಯಾಡ್ರಿ, ಹೇಳೂದಿಲ್ಲ.) ಬಾಗಿಲ ಬಾಜೂಕ ವಚನದ ಸಣ್ಣ ಪುಸ್ತಕ ಇಡೂ ಕಬ್ಬಿಣದ ಸ್ಟ್ಯಾಂಡ್ ಐತಿ, ಒಂದಕ್ಕ 10 ರೂಪಾಯಿ. ಮ್ಯಾಲಿನ ಖಾನೆದಾಗ ದೀಪದ ಎಣ್ಣೀ ಬಾಟ್ಲಿ, ಯಾರದೋ ಹೆಲ್ಮೆಟ್, ಹೋದ ವರ್ಷದ ಜಾತ್ರಿ ಪಾಂಪ್ಲೆಟ್. ಕೆಳಗಿನ ಸಾಲು ನೆಲಾ ತೊಳದ ನೀರು ಕುಡದು ಉಬ್ಬೇತಿ. ಕೇಸರಿ ಮುಖಪುಟ ಬಿಸಿಲಿಗೆ ಸುಟ್ಟು ನೀಲಿ ಹೊಡದೈತಿ. ಕೆಂಪು, ಹಳದಿ ಇಂಕು ಮೊದಲ ಹಾರತೈತಿ, ನೀಲಿ ಉಳಿತೈತಿ.

ಮೂವತ್ತು ವರ್ಷ ಬೈಂಡಿಂಗ್ ಮಾಡಿದ ಕೈ, ಸುಮ್ನ ಇರ್ತೈತೇನ್ರಿ? ಒಂದು ತಗದೆ. ಪಿನ್ನು ಜಂಗ ಹಿಡದಿತ್ತು, ನಡುವಿನ ಹಾಳಿ ಕಿತ್ತು ಕೈಗೇ ಬಂತು. ಅದರ ಮ್ಯಾಗ ಎರಡು ಕಂದು ಕಲಿ.

ಬ್ಯಾರೆ ಊರಾಗಿದ್ರ ಇಷ್ಟು ಸಿಟ್ಟು ಬರ್ತಿರಲಿಲ್ಲ. ವಿಜಾಪುರದಾಗ! ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಡೋಲಿ ಕೂಡಿಸಿ, 1923ರಾಗ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದ್ರು. 1925ರಾಗ ಇದ್ದ ಮನಿ ಮಾರಿ ಇದೇ ಊರಾಗ ಹಿತಚಿಂತಕ ಪ್ರೆಸ್ ಹಾಕಿದ್ರು. ಮರುವರ್ಷ ‘ಶಿವಾನುಭವ’ ಪತ್ರಿಕೆ. ವಕೀಲಿ ಮಾಡ್ಕೋತ ಆರಾಮ ಇರಬಹುದಿತ್ತು ಪುಣ್ಯಾತ್ಮ. ನಮಗ ಒಂದು ಅರಿವಿ ತುಂಡು ಹಿಡದು ಧೂಳ ಒರಸಾಕ ಆಗವಲ್ದು.

ಅಲ್ಲೇ ಕುಂತಿದ್ದ ಹಿರಿಯರಿಗೆ ಅಂದೆ. “ತಮ್ಮಾ, ಓದಾವ್ರಿಗೆ ಒಳಗಿನ ವಚನ ಮುಖ್ಯ, ಧೂಳೇನ ಮಾಡ್ತೈತಿ?” ಅಂದ್ರು. ಓದಾವ್ರು ಎಲ್ಲಿ ಅದಾರ ಕಾಕಾ? ಈ ಹೊಲಸ ಕಂಡ ಹುಡುಗ ಕೈನೂ ಹಚ್ಚೂದಿಲ್ಲ. ಪ್ರಸಾದದ ಹುಗ್ಗಿ ಇಂಥಾ ತಾಟಿನ್ಯಾಗ ನೀಡಿದ್ರ ಇದೇ ಕಾಕಾ ಅಡಗಿಯಾವನ ಏಳು ತಲಿ ಎತ್ತಿ ಬೈತಿದ್ರು. ಪುಸ್ತಕಕ್ಕ ಮಾತ್ರ ವೈರಾಗ್ಯ!

ಖರ್ಚರ ಏನೈತಿ? ಸ್ಟ್ಯಾಂಡ್ ಕೆಳಗ ನಾಕು ಇಟ್ಟಂಗಿ, ಬಿಸಿಲು ಬೀಳಲಾರದ ಗ್ವಾಡಿ, ವಾರಕ್ಕ ಹತ್ತು ಮಿನಿಟು.

ನಾನೂ ಸಾಚಾ ಅಲ್ಲ, ಹೇಳೇ ಬಿಡ್ತೀನಿ. ಅಜ್ಜ ಕೂಡಿಸಿಟ್ಟ ಪುರಾಣದ ಹೊತ್ತಿಗಿ ನಮ್ಮ ಅಟ್ಟದಾಗ ಸಿಮೆಂಟ್ ಚೀಲದಾಗ ಇದ್ವು. ಹೋದ ಮಳಿಗಾಲ ಇಳಿಸಿ ನೋಡಿದ್ರ ನನಗಿಂತ ಮೊದಲ ಗೆದ್ದಲ ಓದಿ ಮುಗಿಸಿತ್ತು. ಊರ ಮಂದಿ ಪುಸ್ತಕಕ್ಕ ರಟ್ಟು ಹಾಕಿದಾವನ ಮನಿ ಕತಿ ಇದು. ಇವತ್ತಿನ ಸಿಟ್ಟಿನ್ಯಾಗ ಅರ್ಧ ಅದರದೇ ಇರಬೇಕು.

ಪಂಜಿ, ಪಿನ್ ಹೊಡಿಯೂ ಮಷೀನ್ ಚೀಲದಾಗ ಇಟ್ಟೀನಿ, ಬರೂ ಸೋಮವಾರ ಹೋಗ್ತೀನಿ. ಆ ಎಣ್ಣೀ ಬಾಟ್ಲಿ ಯಾರದು ಅದು, ಅದಕ್ಕೂ ಮೊದಲ ಒಯ್ರಿ ಮಾರಾಯ್ರ.